ಕುಮಾವೂನ್ ಹಿಮಾಲಯದ ಶಿಲಾನಕ್ಷೆ: ಸ್ತರಗಳೂ ಸ್ತರಭಂಗಗಳೂ

ಉತ್ತರಾಖಂಡ ರಾಜ್ಯದ ಪೂರ್ವಭಾಗಕ್ಕೆ ಕುಮಾವೂನ್ ಎಂದು ಹೆಸರು. ಜಿಮ್ ಕಾರ್ಬೆಟ್ ಬರೆದ ನರಭಕ್ಷಕ ಹುಲಿಗಳ ಕಥನಗಳಿಂದಾಗಿ ಕನ್ನಡದ ಓದುಗರಿಗೆ ಈ ಹೆಸರು ಅಪರಿಚಿತವೇನಲ್ಲ. ನೈನಿತಾಲ್, ಅಲ್ಮೋರಾ, ಬಾಗೇಶ್ವರ, ಚಂಪಾವತ್, ಪಿಥೋರಾಗಢ ಮತ್ತು ಊಧಮ್‌ಸಿಂಗ್ ನಗರ ಎಂಬ ಆರು ಜಿಲ್ಲೆಗಳ ಈ ಸೀಮೆ ದಕ್ಷಿಣದಲ್ಲಿ ತರಾಯಿಯ ಬಯಲಿನಿಂದ ಆರಂಭಗೊಂಡು ಉತ್ತರದಲ್ಲಿ ಟಿಬೆಟ್ ಗಡಿಯಲ್ಲಿ ಕೊನೆಗೊಳ್ಳುತ್ತದೆ. ಪೂರ್ವದಲ್ಲಿ ಕಾಳಿ ನದಿಯೇ ನೇಪಾಳದ ಗಡಿ. ನೇರ ಅಳತೆಯಲ್ಲಿ ನೂರೈವತ್ತು ಕಿಲೋಮೀಟರಿಗೆ ಮೀರದ ಈ ಅಂತರದಲ್ಲಿ ನೆಲವು ಸಮುದ್ರಮಟ್ಟದಿಂದ ಕೆಲವೇ ನೂರು ಮೀಟರ್ ಎತ್ತರದ ಬಯಲಿನಿಂದ 6,904 ಮೀಟರ್ ಎತ್ತರದ ಪಂಚಚೂಲಿ ಶಿಖರದವರೆಗೆ ಏರುತ್ತದೆ. ನೂರಾರು ಕೋಟಿ ವರ್ಷಗಳಷ್ಟು ಪುರಾತನವಾದ ಶಿಲೆಗಳೂ ನಿನ್ನೆಮೊನ್ನೆಯವೆನ್ನಬಹುದಾದ ಜಲ್ಲಿಯ ಹಾಸುಗಳೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಅನೇಕ ಕಡೆ ಹಳೆಯದು ಹೊಸದರ ಮೇಲೆಯೇ ಕುಳಿತಿದೆ.

ಇಂತಹ ನೆಲದ ಶಿಲಾನಕ್ಷೆಯನ್ನು ರಚಿಸುವುದು ಹೇಗೆ, ಅದನ್ನು ಯಾರು ರಚಿಸಿದರು, ಅದರ ಮೇಲಿನ ಗೆರೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಮೂರನೆಯ ಪ್ರಶ್ನೆ ಕೇವಲ ವಿದ್ವಾಂಸರದಲ್ಲ. ರಸ್ತೆ, ಸುರಂಗ, ಅಣೆಕಟ್ಟು, ಶಾಲೆ, ಮನೆ ಎಲ್ಲಕ್ಕೂ ಜಾಗವನ್ನು ಗೊತ್ತುಮಾಡುವಾಗ ಈ ಗೆರೆಗಳೇ ಸಾಕ್ಷಿ ನುಡಿಯುತ್ತವೆ.

ನಡೆದು ಮಾಡುವ ಕೆಲಸ

ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟವೇ ಈ ಕಾರ್ಯದ ತಳಹದಿ. ಸುತ್ತಿಗೆ, ದಿಕ್ಸೂಚಿಯೊಡಗೂಡಿದ ಕೋನಮಾಪಕ, ಕೈಮಸೂರ, ಸುಣ್ಣಕಲ್ಲನ್ನು ಗುರುತಿಸಲು ಸಾರಗುಂದಿಸಿದ ಆಮ್ಲದ ಒಂದು ಪುಟ್ಟ ಶೀಸೆ, ಟಿಪ್ಪಣಿ ಪುಸ್ತಕ ಇವಿಷ್ಟೇ ಪರಿಕರಗಳು. ಈಚಿನ ವರ್ಷಗಳಲ್ಲಿ ಜಿಪಿಎಸ್ ಉಪಕರಣವೂ ಸೇರಿಕೊಂಡಿದೆ. ಭೂವಿಜ್ಞಾನಿ ನದಿಯ ದಂಡೆಯನ್ನು ಹಿಡಿದು ಮೇಲಕ್ಕೆ ನಡೆಯುತ್ತಾನೆ, ಏಕೆಂದರೆ ನದಿಯೇ ಬೆಟ್ಟವನ್ನು ಅಡ್ಡಲಾಗಿ ಕೊಯ್ದು ಒಳಗಿನ ಹಾಸುಗಳನ್ನು ತೆರೆದು ತೋರಿಸಿರುತ್ತದೆ. ಕುಮಾವೂನಿನಲ್ಲಿ ಕಾಳಿ, ಗೋರಿ, ಪೂರ್ವ ರಾಮಗಂಗಾ, ಸರಯೂ ಮತ್ತು ಕೋಸಿ ಕಣಿವೆಗಳು ಇಂತಹ ತೆರೆದ ಪುಸ್ತಕಗಳು. ಬಂಡೆ ಕಂಡಲ್ಲೆಲ್ಲ ಅದು ಯಾವ ಶಿಲೆ, ಅದರ ಹಾಸು ಯಾವ ದಿಕ್ಕಿಗೆ ಎಷ್ಟು ಡಿಗ್ರಿ ವಾಲಿದೆ, ಮಡಿಕೆಗಳಿವೆಯೇ, ಪಳೆಯುಳಿಕೆಗಳಿವೆಯೇ ಎಂದು ದಾಖಲಿಸಿಕೊಳ್ಳಲಾಗುತ್ತದೆ.

ಆದರೆ ಬಂಡೆ ಎಲ್ಲೆಡೆಯೂ ಕಾಣುವುದಿಲ್ಲ. ಬಹುಪಾಲು ನೆಲ ಮಣ್ಣು, ಓಕ್ ಮತ್ತು ಪೈನ್ ಮರಗಳ ಕಾಡು, ಮೆಟ್ಟಿಲು ಗದ್ದೆ, ಜರಿದುಬಿದ್ದ ಕಲ್ಲುರಾಶಿಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಇತ್ತ ಒಂದು ತೊರೆಯಲ್ಲಿ ಸ್ಲೇಟು, ಅತ್ತ ಅರ್ಧ ಕಿಲೋಮೀಟರ್ ಆಚೆಯ ದಿಬ್ಬದಲ್ಲಿ ಬೆಣಚುಶಿಲೆ ಕಂಡರೆ ಇವೆರಡರ ಎಲ್ಲೆ ನಡುವೆ ಎಲ್ಲೋ ಇರಬೇಕು. ಅದನ್ನು ಎಲ್ಲಿ ಎಳೆಯಬೇಕೆಂಬುದು ತರ್ಕಕ್ಕೆ ಬಿಟ್ಟದ್ದು. ಈ ತರ್ಕಕ್ಕೆ ನೆರವಾಗುವ ಒಂದು ಸರಳ ರೇಖಾಗಣಿತವಿದೆ. ವಾಲಿದ ಹಾಸೊಂದರ ಎಲ್ಲೆ ಕಣಿವೆಯನ್ನು ದಾಟುವಾಗ ನಕ್ಷೆಯ ಮೇಲೆ ಬಾಣದ ಮೊನೆಯಂತೆ ಬಾಗುತ್ತದೆ. ಹಾಸು ನದಿಯ ಉಗಮದ ಕಡೆಗೆ ವಾಲಿದ್ದರೆ ಮೊನೆ ಉಗಮದತ್ತ ಮುಖ ಮಾಡಿರುತ್ತದೆ. ನದಿ ಹರಿಯುವ ಕಡೆಗೇ, ನದಿಯ ಇಳಿಜಾರಿಗಿಂತ ಕಡಿದಾಗಿ ವಾಲಿದ್ದರೆ ಮೊನೆ ತಿರುವುಮುರುವಾಗುತ್ತದೆ. ಹಾಸು ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ಗೆರೆ ಬೆಟ್ಟಕಣಿವೆಗಳನ್ನು ಲೆಕ್ಕಿಸದೆ ನೇರವಾಗಿ ಸಾಗುತ್ತದೆ. ಬೆರಳೆಣಿಕೆಯಷ್ಟು ಬಂಡೆಗಳಿಂದಲೇ ಒಂದು ಇಡೀ ಎಲ್ಲೆಯನ್ನು ಊಹಿಸಲು ಸಾಧ್ಯವಾಗುವುದು ಇದರಿಂದ.

ಶಿಲಾಸಮೂಹಗಳು ಮುರಿದು, ಮುರಿದ ಮೇಲ್ಮೈಗುಂಟ ಸರಿದಿರುವ ಜಾಗವೇ ಸ್ತರಭಂಗ. ಒಂದು ಪಾರ್ಶ್ವದ ಶಿಲೆ ಇನ್ನೊಂದರ ಮೇಲೆ ಕಡಿಮೆ ಇಳಿಜಾರಿನಲ್ಲಿ ಏರಿ ಕುಳಿತಿದ್ದರೆ ಅಂತಹ ಸ್ತರಭಂಗವನ್ನು ಥ್ರಸ್ಟ್ ಎನ್ನುತ್ತಾರೆ. ಹಿಮಾಲಯದ ಹಿರಿಯ ಸ್ತರಭಂಗಗಳೆಲ್ಲ ಬಹುಮಟ್ಟಿಗೆ ಈ ಜಾತಿಯವೇ. ಸ್ತರಭಂಗದ ಮೇಲ್ಮೈ ಕಣ್ಣಿಗೆ ಬೀಳುವುದು ಅಪರೂಪ. ಹಿಟ್ಟಿನಂತೆ ಅರೆದುಹೋದ ಶಿಲೆ, ಉಜ್ಜಿ ಹೊಳಪೇರಿದ ಗೀರುಬಂಡೆ, ಒಂದೇ ಸಾಲಿನಲ್ಲಿ ಒಸರುವ ಬುಗ್ಗೆಗಳು, ಕಾರಣವಿಲ್ಲದೆ ಸೊಟ್ಟ ತಿರುಗುವ ನದಿ, ಪ್ರತಿ ಮಳೆಗಾಲದಲ್ಲೂ ಅದೇ ಸಾಲಿನಲ್ಲಿ ಜರಿಯುವ ಇಳಿಜಾರು ಇವೇ ಅದರ ಕುರುಹುಗಳು. ಕಣ್ಣಾರೆ ಕಂಡ ಎಲ್ಲೆಯನ್ನು ಅಖಂಡ ಗೆರೆಯಿಂದಲೂ, ಊಹಿಸಿದ್ದನ್ನು ತುಂಡು ಗೆರೆಯಿಂದಲೂ, ಮಣ್ಣಿನಡಿ ಹುದುಗಿರುವುದನ್ನು ಚುಕ್ಕಿಗಳಿಂದಲೂ ತೋರಿಸುವುದು ವಾಡಿಕೆ. ನಕ್ಷೆಯನ್ನು ಬಳಸುವವರಲ್ಲಿ ಬಹುಮಂದಿ ಬಣ್ಣಗಳನ್ನು ನೋಡುತ್ತಾರೆಯೇ ಹೊರತು ಈ ವ್ಯತ್ಯಾಸವನ್ನಲ್ಲ.

ನಡೆದವರು

1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಧಿಕಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಈ ಕಣಿವೆಗಳಲ್ಲಿ ಓಡಾಡಿದ್ದರು. ಸಿ.ಎಸ್. ಮಿಡ್ಲ್‌ಮಿಸ್ 1890ರಲ್ಲಿ ನೈನಿತಾಲಿನ ಶಿಲಾರಚನೆಯನ್ನು ಕುರಿತು ಬರೆದರು. ಮರುವರ್ಷ ಗ್ರೀಸ್‌ಬಾಖ್ ಮಧ್ಯ ಹಿಮಾಲಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಎತ್ತರದ ಹಿಮಾಲಯದ ರೂಪಾಂತರಿತ ಶಿಲೆಗಳಿಗೆ 'ವೈಕೃತ' ಎಂಬ ಸಂಸ್ಕೃತದ ಹೆಸರನ್ನು ಬಳಸಿದರು. ಬೆಂದು, ಒತ್ತಿ, ರೂಪಗೆಟ್ಟ ಕಲ್ಲಿಗೆ ಇದಕ್ಕಿಂತ ಒಪ್ಪುವ ಪದವನ್ನು ಹುಡುಕುವುದು ಕಷ್ಟ. ಆ ಹೆಸರು ಇಂದಿಗೂ ನಕ್ಷೆಗಳಲ್ಲಿ ಉಳಿದಿದೆ.

1936ರಲ್ಲಿ ಸ್ವಿಟ್ಜರ್ಲೆಂಡಿನ ಆರ್ನಾಲ್ಡ್ ಹೈಮ್ ಮತ್ತು ಆಗಸ್ಟೊ ಗಾನ್ಸರ್ ಕಾಳಿ ಕಣಿವೆಯನ್ನು ಹಿಡಿದು ಗಡಿಯ ಹಳ್ಳಿಯಾದ ಗರ್ಬ್ಯಾಂಗ್‌ವರೆಗೂ ಸಾಗಿದರು. ಗಾನ್ಸರ್ ಯಾತ್ರಿಕನ ವೇಷದಲ್ಲಿ ಗಡಿಯನ್ನು ದಾಟಿ ಕೈಲಾಸದ ಸುತ್ತಲಿನ ಬಂಡೆಗಳನ್ನು ಪರಿಶೀಲಿಸಿ ಬಂದ ವೃತ್ತಾಂತ ಭೂವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1939ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿಯೇ 'ಮುಖ್ಯ ಮಧ್ಯ ಥ್ರಸ್ಟ್' ಎಂಬ ಕಲ್ಪನೆ ಮೊದಲ ಬಾರಿಗೆ ಕಾಣಿಸಿಕೊಂಡಿತು. ನೂರೊಂದು ವರ್ಷ ಬಾಳಿದ ಗಾನ್ಸರ್ 2012ರಲ್ಲಿ ನಿಧನರಾದರು.

ಆದರೆ ಕುಮಾವೂನಿನ ನಕ್ಷೆಯನ್ನು ಇಂಚಿಂಚಾಗಿ ತುಂಬಿದ ಕೀರ್ತಿ ಮುಖ್ಯವಾಗಿ ಅದೇ ಮಣ್ಣಿನ ಮನೆತನದ ಖಡ್ಗ ಸಿಂಗ್ ವಲ್ದಿಯಾ ಅವರಿಗೆ ಸಲ್ಲಬೇಕು. 1937ರಲ್ಲಿ ಬರ್ಮಾದಲ್ಲಿ ಜನಿಸಿ, ಯುದ್ಧಕಾಲದ ಬಾಂಬ್ ಸ್ಫೋಟವೊಂದರಿಂದ ಬಾಲ್ಯದಲ್ಲೇ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಅವರು ಪಿಥೋರಾಗಢದಲ್ಲಿ ಬೆಳೆದರು. ಅವರ ಕುಮಾವೂನ್ ಕಿರು ಹಿಮಾಲಯದ ಭೂವಿಜ್ಞಾನ ಗ್ರಂಥವನ್ನು 1980ರಲ್ಲಿ ಡೆಹ್ರಾಡೂನಿನ ವಾಡಿಯಾ ಸಂಸ್ಥೆ ಪ್ರಕಟಿಸಿತು. ಬದುಕಿನ ಕೊನೆಯ ಎರಡೂವರೆ ದಶಕಗಳಲ್ಲಿ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದೊಂದಿಗೆ ಸಂಬಂಧ ಹೊಂದಿದ್ದರು. ಹಿಮಾಲಯದಲ್ಲಿ ಪಳಗಿದ ಕಣ್ಣಿನಿಂದಲೇ ಕಾವೇರಿ ಕಣಿವೆಯನ್ನೂ ನೋಡಿ, ಮೈಸೂರು ಪ್ರಸ್ಥಭೂಮಿಯ ಹಳೆಯ ಸ್ತರಭಂಗಗಳು ಮತ್ತೆ ಚಲಿಸಿರುವ ಕುರುಹುಗಳನ್ನು ಕುರಿತು ಬರೆದರು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು.

ವಲ್ದಿಯಾ ಅವರ ಆರಂಭದ ಸಾಧನೆಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಗಂಗೋಲಿಹಾಟ್ ಮತ್ತು ಪಿಥೋರಾಗಢದ ಸುತ್ತ ಡಾಲೊಮೈಟ್ ಮತ್ತು ಸುಣ್ಣಶಿಲೆಯ ದಪ್ಪ ಹಾಸುಗಳಿವೆ. ಅವುಗಳಲ್ಲಿ ಪ್ರಾಣಿಗಳ ಪಳೆಯುಳಿಕೆಗಳಿಲ್ಲವಾದ್ದರಿಂದ ವಯಸ್ಸನ್ನು ನಿರ್ಧರಿಸುವುದು ದುಸ್ತರವಾಗಿತ್ತು. ಹಲವರು ಅವನ್ನು ತೀರ ಈಚಿನವೆಂದೇ ಎಣಿಸಿದ್ದರು. ವಲ್ದಿಯಾ ಅವುಗಳಲ್ಲಿ ಸ್ಟ್ರೋಮ್ಯಾಟೊಲೈಟ್‌ಗಳನ್ನು ಗುರುತಿಸಿದರು. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳ ಪೊರೆಗಳು ಪದರದ ಮೇಲೆ ಪದರವಾಗಿ ಕಟ್ಟಿದ ಗುಮ್ಮಟಗಳಿವು. ಅವುಗಳ ಆಕಾರಭೇದಗಳ ಆಧಾರದ ಮೇಲೆ ಆ ಶಿಲೆಗಳು ನೂರು ಕೋಟಿ ವರ್ಷಗಳಿಗೂ ಹಳೆಯವೆಂದು 1960ರ ದಶಕದಲ್ಲಿ ಪ್ರತಿಪಾದಿಸಿದರು. ಇನ್ನೊಂದು ಪ್ರಯೋಜನವೂ ಇದರಿಂದ ಆಯಿತು. ಗುಮ್ಮಟದ ಉಬ್ಬು ಯಾವಾಗಲೂ ಮೇಲ್ಮುಖವಾಗಿ ಬೆಳೆಯುತ್ತದೆ. ಈಗ ಅದು ಕೆಳಮುಖವಾಗಿದ್ದರೆ ಇಡೀ ಹಾಸೇ ಮಗುಚಿಕೊಂಡಿದೆ ಎಂದರ್ಥ. (ಇಂತಹ ಗುಮ್ಮಟಗಳು ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಬಳಿ ಇನ್ನೂ ಪುರಾತನವಾದ ಸುಣ್ಣಶಿಲೆಯಲ್ಲಿ ಕಾಣಸಿಗುತ್ತವೆ.) ಒಂದು ಶಿಲೆಯ ವಯಸ್ಸು ಬದಲಾದರೆ ಅದರ ಪಕ್ಕದ ಎಲ್ಲೆಯ ಅರ್ಥವೂ ಬದಲಾಗುತ್ತದೆ. ಹಳೆಯದು ಹೊಸದರ ಮೇಲಿದೆಯೆಂದು ಖಚಿತವಾದರೆ, ಸಹಜ ಸಂಚಯನದ ಎಲ್ಲೆಯೆಂದು ತಿಳಿದಿದ್ದ ಗೆರೆ ಥ್ರಸ್ಟ್ ಆಗಿ ಮಾರ್ಪಡಬೇಕಾಗುತ್ತದೆ.

ದಕ್ಷಿಣದಿಂದ ಉತ್ತರಕ್ಕೆ

ಬಯಲಿನಿಂದ ಹೊರಟವರಿಗೆ ಮೊದಲು ಎದುರಾಗುವುದು ಶಿವಾಲಿಕ್ ಬೆಟ್ಟಸಾಲು. ಕಳೆದ ಎರಡು ಕೋಟಿ ವರ್ಷಗಳೊಳಗೆ ಹಿಮಾಲಯವೇ ಸವೆದು, ನದಿಗಳು ತಂದು ಸುರಿದ ಮರಳು, ಜೇಡಿ, ಉರುಟುಗಲ್ಲುಗಳ ಹಾಸು ಇದು. ಇದರ ದಕ್ಷಿಣದ ಅಂಚಿನಲ್ಲಿ ಹಿಮಾಲಯ ಮುಂಚೂಣಿ ಥ್ರಸ್ಟ್, ಉತ್ತರದ ಅಂಚಿನಲ್ಲಿ ಮುಖ್ಯ ಗಡಿ ಥ್ರಸ್ಟ್ ಇವೆ. ಎರಡನೆಯದನ್ನು ದಾಟಿದೊಡನೆ ಕಿರು ಹಿಮಾಲಯ ಪ್ರಾರಂಭವಾಗುತ್ತದೆ. ನೈನಿತಾಲ್ ನಗರ ಈ ಥ್ರಸ್ಟಿನ ನೆತ್ತಿಯ ಮೇಲೆಯೇ ಕುಳಿತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅಲ್ಲಿಂದ ಮುಂದೆ ಅಲ್ಮೋರಾ. ಇಲ್ಲಿ ನಕ್ಷೆ ಓದುಗನನ್ನು ಮೋಸಗೊಳಿಸುತ್ತದೆ. ದಕ್ಷಿಣ ಅಲ್ಮೋರಾ ಥ್ರಸ್ಟ್, ಉತ್ತರ ಅಲ್ಮೋರಾ ಥ್ರಸ್ಟ್ ಎಂಬ ಎರಡು ಗೆರೆಗಳು ಹತ್ತಾರು ಕಿಲೋಮೀಟರ್ ಅಂತರದಲ್ಲಿ ಕಾಣುತ್ತವೆ. ವಾಸ್ತವದಲ್ಲಿ ಇವು ಒಂದೇ ಮೇಲ್ಮೈಯ ಎರಡು ಅಂಚುಗಳು. ಉತ್ತರದ ಹಿಮಾಲಯದಿಂದ ದಕ್ಷಿಣಕ್ಕೆ ಸರಿದುಬಂದ ಶಿಸ್ಟ್, ನೈಸ್, ಗ್ರಾನೈಟ್‌ಗಳ ಒಂದು ಬೃಹತ್ ಹೊದಿಕೆ ಇಲ್ಲಿನ ಸಂಚಿತ ಶಿಲೆಗಳ ಮೇಲೆ ಹರಡಿಕೊಂಡು, ಅನಂತರ ನಡುವೆ ಕುಸಿದ ಕಂಬಳಿಯಂತೆ ಮಡಿಚಿಕೊಂಡಿದೆ. ಆದ್ದರಿಂದ ದಕ್ಷಿಣದ ಅಂಚು ಉತ್ತರಕ್ಕೆ, ಉತ್ತರದ ಅಂಚು ದಕ್ಷಿಣಕ್ಕೆ ವಾಲಿದೆ. ಬೈಜನಾಥ್, ಅಸ್ಕೋಟ್, ಛಿಪ್ಲಾಕೋಟ್‌ಗಳಲ್ಲಿರುವ ರೂಪಾಂತರಿತ ಶಿಲೆಗಳ ಚಿಕ್ಕಪುಟ್ಟ ತುಣುಕುಗಳು ಅದೇ ಹೊದಿಕೆ ಸವೆದು ಉಳಿದ ಚಿಂದಿಗಳೆಂದು ವಿವರಿಸಲಾಗುತ್ತದೆ. ಸರಯೂ ನದಿ ಸೇರಾಘಾಟ್‌ನಲ್ಲಿ ಉತ್ತರ ಅಲ್ಮೋರಾ ಥ್ರಸ್ಟನ್ನು ದಾಟುತ್ತದೆ.

ಹೊದಿಕೆಯ ಉತ್ತರಕ್ಕೆ ಮೇಲೆ ಹೇಳಿದ ಗಂಗೋಲಿಹಾಟ್ ಡಾಲೊಮೈಟ್, ಸ್ಲೇಟುಗಳು, ಬೇರಿನಾಗ್ ಬೆಣಚುಶಿಲೆ ಇವೆ. ಅವನ್ನು ಮುಗಿಸಿ ಗೋರಿ ಕಣಿವೆಯಲ್ಲಿ ಮುನ್ಸಿಯಾರಿಯ ಸುತ್ತಮುತ್ತ ಬಂದಾಗ ನೆಲದ ಸ್ವರೂಪವೇ ಬದಲಾಗುತ್ತದೆ. ಕಣಿವೆ ಕಿರಿದಾಗಿ, ಗೋಡೆಗಳು ಕಡಿದಾಗಿ, ನದಿ ಅಬ್ಬರಿಸತೊಡಗುತ್ತದೆ. ಮದ್‌ಕೋಟ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಇದು ಮುಖ್ಯ ಮಧ್ಯ ಥ್ರಸ್ಟಿನ ವಲಯ. ವಲಯವೆಂಬ ಮಾತನ್ನು ಬೇಕೆಂದೇ ಬಳಸಿದೆ. ದಕ್ಷಿಣದ ಮುನ್ಸಿಯಾರಿ ಥ್ರಸ್ಟ್ ಮತ್ತು ಉತ್ತರದ ವೈಕೃತ ಥ್ರಸ್ಟ್ ಎಂಬ ಎರಡು ಮೇಲ್ಮೈಗಳ ನಡುವೆ ಹಿಂಡಿ ನಜ್ಜುಗುಜ್ಜಾದ ಶಿಲೆಗಳಿವೆ. ನಿಜವಾದ ಮುಖ್ಯ ಮಧ್ಯ ಥ್ರಸ್ಟ್ ವೈಕೃತವೇ ಎಂದು ವಲ್ದಿಯಾ ವಾದಿಸಿದರು. ಕೆಳಗಿನದೇ ಎಂಬ ಪಕ್ಷವೂ ಇದೆ. ಆದ್ದರಿಂದ ಎರಡು ಪ್ರಾಮಾಣಿಕ ನಕ್ಷೆಗಳಲ್ಲಿ ಒಂದೇ ಹೆಸರಿನ ಗೆರೆ ಬೇರೆ ಬೇರೆ ಹಳ್ಳಿಗಳ ಬಳಿ ಹಾದುಹೋಗಬಹುದು.

ಎತ್ತರದ ಹಿಮಾಲಯದ ನೈಸ್‌ಗಳನ್ನು ದಾಟಿದರೆ ವಲ್ದಿಯಾ 'ಹಿಮಾದ್ರಿಯಾಚೆಯ ಸ್ತರಭಂಗ'ವೆಂದು ಕರೆದ ಎಲ್ಲೆ. ಅದರಾಚೆ ಟೆಥಿಸ್ ಎಂಬ ಗತಿಸಿದ ಸಾಗರದ ತಳದಲ್ಲಿ ಶೇಖರವಾದ, ಪಳೆಯುಳಿಕೆಗಳಿಂದ ಸಮೃದ್ಧವಾದ ಹಾಸುಗಳಿವೆ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ, ಗಂಡಕಿ ನದಿಯಿಂದ ಬಂದ ಸಾಲಿಗ್ರಾಮಗಳು ಅದೇ ಸಾಗರದ ಜೀವಿಗಳಾದ ಅಮೋನೈಟ್‌ಗಳ ಪಳೆಯುಳಿಕೆಗಳು.

ಗೆರೆಯ ಅಗಲ

1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ತಾನೇ 25 ಮೀಟರ್ ಅಗಲದ ಪಟ್ಟಿಯನ್ನು ಮುಚ್ಚಿಬಿಡುತ್ತದೆ. ಗುಡ್ಡಗಾಡಿನ ಒಂದು ಕೇರಿ ಅದರೊಳಗೇ ಅಡಗಿಹೋಗಬಹುದು. ತುಂಡು ಗೆರೆಯಾದರೆ ಎರಡು ಮಿಲಿಮೀಟರಿನಷ್ಟು ಆಚೀಚೆ ಆಗಿದ್ದರೂ ಆಶ್ಚರ್ಯವಿಲ್ಲ, ಅಂದರೆ ನೂರು ಮೀಟರ್. 1:2,50,000 ಪ್ರಮಾಣದ ನಕ್ಷೆಯಲ್ಲಿ ಈ ಅಂಕಿಗಳನ್ನು ಐದರಿಂದ ಗುಣಿಸಿಕೊಳ್ಳಬೇಕು. ಪ್ರಾದೇಶಿಕ ತಿಳಿವಳಿಕೆಗಾಗಿ ಸಿದ್ಧಪಡಿಸಿದ ಇಂತಹ ನಕ್ಷೆಯನ್ನು ಹಿಡಿದು, ಇಂಥ ಸರ್ವೇ ನಂಬರಿನ ನಿವೇಶನ ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸುವುದು ಎರಡು ಕಡೆಯಿಂದಲೂ ತಪ್ಪು. ಗೆರೆಯಿಂದ ದೂರವಿದೆಯೆಂದು ಯೋಜನೆಯನ್ನು ಸಮರ್ಥಿಸುವವರೂ, ಗೆರೆಯ ಮೇಲಿದೆಯೆಂದು ವಿರೋಧಿಸುವವರೂ ಅದರ ಅಗಲವನ್ನು ಕೇಳಿರುವುದಿಲ್ಲ. ಕಟ್ಟಡ, ಸುರಂಗಗಳಿಗೆ 1:1,000ದಂತಹ ದೊಡ್ಡ ಪ್ರಮಾಣದ ಪ್ರತ್ಯೇಕ ನಕ್ಷೆ, ಕೊರೆಬಾವಿಯ ಪರೀಕ್ಷೆ ಆಗಲೇಬೇಕು.

ಎರಡನೆಯ ಮಿತಿ ಇನ್ನೂ ಗಂಭೀರವಾದುದು. ಶಿಲಾನಕ್ಷೆ ಸಾಮಾನ್ಯವಾಗಿ ತಳದ ಬಂಡೆಯನ್ನು ತೋರಿಸುತ್ತದೆ. ಮೇಲಿನ ಮಣ್ಣು, ಕಲ್ಲುರಾಶಿ, ಹಿಮನದಿಯ ಶೇಷಗಳು ತೆಳುವಾಗಿದ್ದರೆ ಅವನ್ನು ಕೈಬಿಡಲಾಗುತ್ತದೆ. ಆದರೆ ಮಲೆಹಳ್ಳಿಗಳು ನೆಲೆಸಿರುವುದು ಬಹುತೇಕ ಈ ರಾಶಿಗಳ ಮೇಲೆಯೇ. ನೀರು, ಸಮತಟ್ಟಾದ ಜಾಗ, ಉಳಬಹುದಾದ ಮಣ್ಣು ಸಿಗುವುದು ಅಲ್ಲಿಯೇ ತಾನೆ? ಹೈಮ್ ಮತ್ತು ಗಾನ್ಸರ್ ತಂಗಿದ್ದ ಗರ್ಬ್ಯಾಂಗ್ ಪುರಾತನ ಸರೋವರವೊಂದರ ಹೂಳಿನ ಮೇಲೆ ನಿಂತಿದ್ದು, ದಶಕಗಳಿಂದ ಕುಸಿಯುತ್ತ ಬಂದಿದೆ. ನೆರೆಯ ಗಢವಾಲ ಪ್ರಾಂತದ ಜೋಶಿಮಠ ಹಳೆಯ ಭೂಕುಸಿತದ ರಾಶಿಯ ಮೇಲಿದೆಯೆಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2009ರ ಡಿಸೆಂಬರ್ 24ರಂದು ಅದರ ಸಮೀಪದ ಜಲವಿದ್ಯುತ್ ಸುರಂಗದಲ್ಲಿ ಕೊರೆಯುವ ಯಂತ್ರ ಅಂತರ್ಜಲದ ಸೆಲೆಯನ್ನು ಭೇದಿಸಿದಾಗ ಸೆಕೆಂಡಿಗೆ 700ರಿಂದ 800 ಲೀಟರ್ ನೀರು ನುಗ್ಗಿತೆಂದು ವರದಿಯಾಯಿತು. 2023ರ ಜನವರಿಯಲ್ಲಿ ಪಟ್ಟಣದ ನೂರಾರು ಮನೆಗಳು ಬಿರುಕುಬಿಟ್ಟು ಜನರನ್ನು ಸ್ಥಳಾಂತರಿಸಬೇಕಾಯಿತು. ಇವುಗಳಲ್ಲಿ ಯಾವುದು ಯಾವುದಕ್ಕೆ ಎಷ್ಟು ಕಾರಣವೆಂಬ ಚರ್ಚೆ ಏನೇ ಇರಲಿ, ತಳಬಂಡೆಯ ನಕ್ಷೆಯೊಂದನ್ನೇ ನೋಡಿದವರಿಗೆ ಆ ರಾಶಿ ಕಾಣುತ್ತಿರಲಿಲ್ಲ.

ನೈನಿತಾಲ್ ಮತ್ತು ಮಾಲ್ಪಾ

1880ರ ಸೆಪ್ಟೆಂಬರ್ 18ರಂದು ಸತತ ಮಳೆಯ ತರುವಾಯ ನೈನಿತಾಲಿನ ಶೇರ್ ಕಾ ದಾಂಡಾ ಇಳಿಜಾರು ಜರಿದು 151 ಮಂದಿ ಮೃತಪಟ್ಟರು. ನೈನಾದೇವಿ ದೇಗುಲವೂ ನಾಶವಾಯಿತು. ಅನಂತರ ಇಳಿಜಾರುಗಳಿಗೆ ಚರಂಡಿಗಳ ಜಾಲವನ್ನು ಕಟ್ಟಲಾಯಿತು, ಇಳಿಜಾರುಗಳ ಸ್ಥಿರತೆಯ ಅಧ್ಯಯನಗಳೂ ನಡೆದವು. ಸರೋವರವು ಹಿಮನದಿಯಿಂದ ಆದದ್ದೆಂಬ ವಾದ ಆ ಕಾಲದಲ್ಲಿತ್ತು. ಈಗಿನ ನಕ್ಷೆಗಳಲ್ಲಾದರೋ ವಾಯವ್ಯದಿಂದ ಆಗ್ನೇಯಕ್ಕೆ ಸಾಗುವ ಸ್ತರಭಂಗವೊಂದು ಸರೋವರದ ಉದ್ದಕ್ಕೂ ಹಾದುಹೋಗಿದೆ. ಸ್ತರಭಂಗದ ಚಲನೆಯಿಂದ ಕಣಿವೆಗೆ ತಡೆಯುಂಟಾಗಿ ನೀರು ನಿಂತಿತೆಂಬ ವಿವರಣೆ ಹೆಚ್ಚು ಒಪ್ಪಿತವಾಗಿದೆ. ಸರೋವರದ ನೀರು ಹೊರಹೋಗುವ ಬಲಿಯಾ ನಾಲೆಯ ಬದಿಗಳು ಇಂದಿಗೂ ಜರಿಯುತ್ತಿವೆ.

ಕಾಳಿ ಕಣಿವೆಯ ಮಾಲ್ಪಾ ಕನ್ನಡಿಗರಿಗೆ ಇನ್ನೊಂದು ಕಾರಣದಿಂದ ನೆನಪಿರಬೇಕು. 1998ರ ಆಗಸ್ಟ್ 18ರ ನಸುಕಿನಲ್ಲಿ ಅಲ್ಲಿ ಸಂಭವಿಸಿದ ಭೂಕುಸಿತದಲ್ಲಿ ಕೈಲಾಸ ಮಾನಸ ಸರೋವರ ಯಾತ್ರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಸ್ಥಾಪಿಸಿದ ಒಡಿಸ್ಸಿ ಕಲಾವಿದೆ ಪ್ರತಿಮಾ ಬೇಡಿ ಅವರಲ್ಲಿ ಒಬ್ಬರು. ಮಾಲ್ಪಾ ಇರುವುದು ಮುಖ್ಯ ಮಧ್ಯ ಥ್ರಸ್ಟ್ ವಲಯಕ್ಕೆ ಹತ್ತಿರದ, ಕಡಿದಾದ ಗೋಡೆಗಳ ಇಕ್ಕಟ್ಟಿನಲ್ಲಿ. ನಕ್ಷೆ ಆ ವಲಯವನ್ನು ಆಗಲೇ ಗುರುತಿಸಿತ್ತು. ಯಾವ ರಾತ್ರಿ ಯಾವ ಬಂಡೆ ಬೀಳುವುದೆಂದು ನುಡಿಯುವ ಶಕ್ತಿ ಯಾವ ನಕ್ಷೆಗೂ ಇಲ್ಲ. ಆದರೆ ಇಂತಹ ಗೋಡೆಯ ಬುಡದಲ್ಲಿ ರಾತ್ರಿ ತಂಗುವ ಶಿಬಿರವಿರಬೇಕೇ ಎಂಬ ಪ್ರಶ್ನೆಯನ್ನು ಎತ್ತುವ ಶಕ್ತಿ ಅದಕ್ಕಿದೆ. ಧಾರ್ಚುಲಾದಿಂದ ಲಿಪುಲೇಖ್ ಕಡೆಗೆ ಇದೇ ಕಣಿವೆಯಲ್ಲಿ ಸಾಗುವ ರಸ್ತೆ 2020ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು.

ಇತ್ತೀಚಿನ ಪರಿಷ್ಕರಣೆ

ಉಪಗ್ರಹ ಚಿತ್ರಗಳು ಎಲ್ಲೆಗಳನ್ನು ಬೇಗ ಹಿಂಬಾಲಿಸಲು ನೆರವಾಗಿವೆ. ರೇಡಾರ್ ಉಪಗ್ರಹಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್‌ಗಳ ಕುಸಿತವನ್ನೂ ಅಳೆಯುತ್ತವೆ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಿರುವುದರಿಂದ ಹಿಮಾಲಯ ವರ್ಷಕ್ಕೆ ಸುಮಾರು 18ರಿಂದ 20 ಮಿಲಿಮೀಟರಿನಷ್ಟು ಇಕ್ಕಟ್ಟಾಗುತ್ತಿದೆಯೆಂದು ಜಿಪಿಎಸ್ ಮಾಪನಗಳು ತಿಳಿಸುತ್ತವೆ. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2014ರಿಂದ ಭೂಕುಸಿತ ಸಂಭಾವ್ಯತೆಯ ರಾಷ್ಟ್ರೀಯ ನಕ್ಷೆಯನ್ನು ಕೈಗೆತ್ತಿಕೊಂಡಿತು. ಅದರ ಪ್ರಮಾಣವೂ 1:50,000. ಹಿಂದೆ ಗಡಿಭಾಗದ ಭೂಪಟಗಳು ಸಂಶೋಧಕರಿಗೂ ಸುಲಭವಾಗಿ ದೊರೆಯುತ್ತಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ನಿಯಮಗಳನ್ನು ಗಣನೀಯವಾಗಿ ಸಡಿಲಿಸಿತು.

ಸ್ತರಭಂಗ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಕಂದಕ ತೋಡಿ, ಮುರಿದ ಮಣ್ಣಿನ ಪದರಗಳಲ್ಲಿರುವ ಇದ್ದಿಲಿನ ವಯಸ್ಸನ್ನು ಅಳೆಯುವ ವಿಧಾನ ಬಳಕೆಯಲ್ಲಿದೆ. ಹಿಮಾಲಯ ಮುಂಚೂಣಿ ಥ್ರಸ್ಟಿನ ಮೇಲೆ ರಾಮನಗರದ ಬಳಿಯೂ ಇಂತಹ ಕಂದಕಗಳನ್ನು ತೋಡಿ, ಮಧ್ಯಯುಗದ ಕಾಲದಲ್ಲಿ ನೆಲದ ಮೇಲ್ಮೈವರೆಗೂ ಸೀಳಿದ ಭಾರಿ ಭೂಕಂಪದ ಸಾಕ್ಷ್ಯವನ್ನು ಪತ್ತೆಹಚ್ಚಲಾಯಿತು. ಮಧ್ಯ ಹಿಮಾಲಯದಲ್ಲಿ 1505 ಮತ್ತು 1803ರಲ್ಲಿ ದೊಡ್ಡ ಭೂಕಂಪಗಳಾದುದು ಇತಿಹಾಸದಲ್ಲಿ ದಾಖಲಾಗಿದೆ. ಗಢವಾಲದಲ್ಲಿ 1991ರಲ್ಲಿ ಉತ್ತರಕಾಶಿಯನ್ನು, 1999ರಲ್ಲಿ ಚಮೋಲಿಯನ್ನು ನಡುಗಿಸಿದ ಕಂಪನಗಳು ಅವುಗಳೆದುರು ಸಣ್ಣವು.

ಕಾಳಿ ಮತ್ತು ಸರಯೂ ಸಂಗಮಿಸುವ ಪಂಚೇಶ್ವರದಲ್ಲಿ ಮುನ್ನೂರು ಮೀಟರಿಗೂ ಎತ್ತರದ ಅಣೆಕಟ್ಟನ್ನು ನಿರ್ಮಿಸುವ ಪ್ರಸ್ತಾಪವಿದೆ. ಇದಕ್ಕೆ ಸಂಬಂಧಿಸಿದ ಮಹಾಕಾಳಿ ಒಪ್ಪಂದಕ್ಕೆ ಭಾರತ ಮತ್ತು ನೇಪಾಳ 1996ರ ಫೆಬ್ರುವರಿಯಲ್ಲಿ ಸಹಿ ಹಾಕಿದವು. ನದಿಯ ಎರಡೂ ದಡಗಳ ಶಿಲೆ ಒಂದೇ. ನಕ್ಷೆಗಳು ಮಾತ್ರ ಎರಡು ದೇಶಗಳ ಎರಡು ಸಂಸ್ಥೆಗಳಲ್ಲಿ, ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಸಿದ್ಧವಾದವು. ಪಶ್ಚಿಮದ ದಡದಲ್ಲಿ ಒಂದು ಹೆಸರಿನಿಂದ ಬಂದು ನೀರಿನಂಚಿನಲ್ಲಿ ನಿಂತ ಥ್ರಸ್ಟಿನ ಗೆರೆ ಪೂರ್ವದ ದಡದ ಯಾವ ಗೆರೆಗೆ ಕೂಡಬೇಕೆಂಬುದನ್ನು ಎರಡೂ ಕಡೆಯವರು ಜೊತೆಯಾಗಿ ನಡೆದೇ ಗೊತ್ತುಮಾಡಬೇಕಾಗುತ್ತದೆ.